ಎರೆ ಮಣ್ಣಿನ ಲೋಹ ಭೀಮೆಗೆ ಇಳಿಯುವ ಬಗೆ

ಆಳಂದದ ಕಡೆಯ ಒಂದು ಎಕರೆ ಎರೆ ಹೊಲವನ್ನು ಲೆಕ್ಕಕ್ಕೆ ಹಿಡಿಯೋಣ. ಮೇಲಿನ ಅರ್ಧ ಅಡಿ ಮಣ್ಣಿನ ತೂಕವೇ ಎಂಟು ಲಕ್ಷ ಕಿಲೊ ಆಸುಪಾಸು ಬರುತ್ತದೆ. ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆ ಯುಗಗಟ್ಟಲೆ ಸವೆದು ಆದ ಮಣ್ಣು ಇದು. ಇಂಥ ಮಣ್ಣಿನ ಪ್ರತಿ ಕಿಲೊದಲ್ಲಿ ನೂರು ಮಿಲಿಗ್ರಾಂನಷ್ಟು ತಾಮ್ರ, ಎಂಬತ್ತು ಮಿಲಿಗ್ರಾಂನಷ್ಟು ಸತು ಇರುವುದು ಸಾಮಾನ್ಯ. ಗುಣಿಸಿ ನೋಡಿ: ಒಂದೇ ಎಕರೆಯಲ್ಲಿ 80 ಕಿಲೊ ತಾಮ್ರ, 64 ಕಿಲೊ ಸತು. ಇಷ್ಟಿದ್ದರೂ ಅದೇ ಹೊಲದ ರೈತರು ಬೆಳೆಗೆ ಸತು ಸಾಲದೆಂದು ಅಂಗಡಿಯಿಂದ ಜಿಂಕ್ ಸಲ್ಫೇಟ್ ತಂದು ಹಾಕುತ್ತಾರೆ. ಹತ್ತು ಕಿಲೊ ಜಿಂಕ್ ಸಲ್ಫೇಟಿನಲ್ಲಿ ಸಿಗುವ ಸತು ಎರಡು ಕಿಲೊ ಮಾತ್ರ. ಕಾಲ ಕೆಳಗೆ 64 ಕಿಲೊ ಇರುವಾಗ ಎರಡು ಕಿಲೊ ಕೊಳ್ಳಬೇಕಾಗಿ ಬಂದದ್ದೇಕೆ?

ಮಣ್ಣು ತನ್ನ ಸತುವನ್ನು ಬಿಟ್ಟುಕೊಡುವುದಿಲ್ಲ, ಅದಕ್ಕೆ. ಬೇರಿಗೂ ಕೊಡುವುದಿಲ್ಲ, ಮಳೆಯ ನೀರಿಗೂ ಕೊಡುವುದಿಲ್ಲ. ತೊಗರಿಯ ಬೇರಿಗೆ ಸಿಗದ ಲೋಹ ಹಳ್ಳದ ನೀರಿಗೂ ಸುಲಭವಾಗಿ ದಕ್ಕುವುದಿಲ್ಲ. ಹಾಗಾದರೆ ನಮ್ಮ ಹೊಲಗಳಿಂದ ಅಮರ್ಜಾ ಹೊಳೆಗೆ, ಭೀಮಾ ನದಿಗೆ ಲೋಹ ಹೋಗುವುದೇ ಇಲ್ಲವೇ? ಹೋಗುತ್ತದೆ, ಆದರೆ ಬೇರೆ ದಾರಿಯಲ್ಲಿ. ಆ ದಾರಿಯನ್ನು ಲೆಕ್ಕ ಹಾಕಿ ಹಿಡಿಯುವುದು ಹೇಗೆ, ನಮ್ಮ ನೆಲಕ್ಕೆ ಯಾವ ಲೆಕ್ಕ ಹೊಂದುತ್ತದೆ, ಆ ಲೆಕ್ಕದಿಂದ ಆಳಂದ, ಅಫಜಲಪುರ, ಜೇವರ್ಗಿಯ ಜನಕ್ಕೆ ಏನು ಪ್ರಯೋಜನ ಎಂಬುದನ್ನು ಈ ಅಂಕಣದಲ್ಲಿ ನೋಡೋಣ.

ಮಣ್ಣಿನಿಂದ ನೀರಿಗೆ ಲೋಹ ಎಷ್ಟು ಇಳಿಯುತ್ತದೆ ಎಂದು ಮುಂಚಿತವಾಗಿ ಹೇಳುವ ಗಣಿತಕ್ಕೆ ವಿಜ್ಞಾನಿಗಳು ಮಾದರಿ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಕಲಬುರಗಿ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಇಡುವ ಜಮಾ-ಖರ್ಚಿನ ಕಿರ್ದಿಯಂಥದೇ ಅದು: ಹೊಲದಲ್ಲಿ ಇದ್ದದ್ದೆಷ್ಟು, ಹೊರಗಿನಿಂದ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ನಾಲ್ಕೂ ತಾಳೆಯಾದರೆ ಮಾದರಿ ಸರಿ. ತಾಳೆಯಾಗದಿದ್ದರೆ ಎಲ್ಲೋ ಒಂದು ದಾರಿ ನಮ್ಮ ಕಣ್ಣಿಗೆ ಬಿದ್ದಿಲ್ಲ ಎಂದರ್ಥ. ಕಂಪ್ಯೂಟರಿನಲ್ಲಿ ಸಾವಿರಾರು ಸಮೀಕರಣ ಓಡಿದರೂ ಒಳಗಿನ ತತ್ವ ಇಷ್ಟೇ.

ಆಳಂದ: ಹಿಡಿದಿಡುವ ಮಣ್ಣು

ಮಾದರಿಯ ಮೊದಲ ಪ್ರಶ್ನೆ: ಮಣ್ಣಿನಲ್ಲಿರುವ ಲೋಹದಲ್ಲಿ ಎಷ್ಟು ಪಾಲು ನೀರಿಗೆ ಬರಬಲ್ಲದು? ಇದಕ್ಕೆ ಒಂದು ಸರಳ ಅಳತೆಯಿದೆ. ಒಂದು ಕಿಲೊ ಮಣ್ಣಿಗೆ ಅಂಟಿಕೊಂಡಿರುವ ಲೋಹವನ್ನು, ಆ ಮಣ್ಣಿನ ಸಂದಿಯಲ್ಲಿರುವ ಒಂದು ಲೀಟರ್ ನೀರಿನಲ್ಲಿ ಕರಗಿರುವ ಲೋಹದಿಂದ ಭಾಗಿಸುವುದು. ಹೀಗೆ ಬರುವ ಸಂಖ್ಯೆಗೆ ಹಂಚಿಕೆಯ ಅಂಕ ಎನ್ನೋಣ. ಅಂಕ ಸಾವಿರ ಬಂದರೆ ಮಣ್ಣಿನ ಹಿಡಿತ ಬಲವಾಗಿದೆ ಎಂದು ತಿಳಿಯಬೇಕು, ಹತ್ತು ಬಂದರೆ ಸಡಿಲವಾಗಿದೆ ಎಂದು. ಸೀಸದ ಅಂಕ ಸಾವಿರಗಳನ್ನು ದಾಟಿ ಲಕ್ಷದವರೆಗೂ ಹೋಗುವುದುಂಟು. ಕ್ಯಾಡ್ಮಿಯಂನದು ಅದಕ್ಕಿಂತ ಬಹಳ ಕಡಿಮೆ. ಅಂದರೆ ಸೀಸ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಕ್ಯಾಡ್ಮಿಯಂ ನೀರಿನ ಕಡೆಗೆ ಬೇಗ ವಾಲುತ್ತದೆ.

ಈ ಅಂಕ ಒಂದೇ ಲೋಹಕ್ಕೂ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ, ಮುಖ್ಯವಾಗಿ ಮೂರು ಕಾರಣಗಳಿಂದ. ಮೊದಲನೆಯದು ಮಣ್ಣಿನ ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆ (ಪಿಎಚ್). ರಸಸಾರ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಸತು ಕರಗುವ ಪ್ರಮಾಣ ನೂರು ಪಟ್ಟು ಇಳಿಯುತ್ತದೆ ಎಂಬುದು ಮಣ್ಣು ವಿಜ್ಞಾನದ ಹಳೆಯ ತಿಳಿವಳಿಕೆ. ನಮ್ಮ ಎರೆ ಭೂಮಿಯ ರಸಸಾರ 8ರ ಆಸುಪಾಸು, ಕೆಲವೆಡೆ ಇನ್ನೂ ಹೆಚ್ಚು. ಎರಡನೆಯದು ಜೇಡಿ. ಎರೆ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿಯೇ ಇರುವುದು ಸಾಮಾನ್ಯ. ಅದರಲ್ಲೂ ನೀರು ಕುಡಿದು ಉಬ್ಬುವ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ. ಅದರ ತೆಳು ಪದರಗಳ ಮೈಯೆಲ್ಲ ಋಣ ವಿದ್ಯುದಂಶ ಹೊತ್ತಿರುವುದರಿಂದ ಧನ ವಿದ್ಯುದಂಶದ ತಾಮ್ರ, ಸತು, ನಿಕ್ಕಲ್, ಸೀಸ ಅಲ್ಲಿ ಕಚ್ಚಿಕೊಳ್ಳುತ್ತವೆ. ಮೂರನೆಯದು ಸುಣ್ಣ. ಎರೆ ಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿ ಸುಣ್ಣದ ಹರಳುಗಳ ಮೇಲೆ ಲೋಹ ಕಾರ್ಬೊನೇಟ್ ಆಗಿ ಕೂರುತ್ತದೆ.

ಈ ಮೂರೂ ಸೇರಿದ ಫಲವನ್ನು ರಾಜ್ಯ ಹಿಂದೆಯೇ ನೋಡಿದೆ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯೊಂದಿಗೆ ಆರಂಭಿಸಿದ ಭೂಚೇತನ ಯೋಜನೆ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿ, ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿತು. ಬೇರಿಗೆ ಸಿಗುವ ಸತು ಕಿಲೊ ಮಣ್ಣಿಗೆ 0.6 ಮಿಲಿಗ್ರಾಂಗಿಂತ ಕಡಿಮೆಯಾದರೆ ಅದನ್ನು ಕೊರತೆ ಎನ್ನುತ್ತಾರೆ. ಒಟ್ಟು ಎಂಬತ್ತು ಮಿಲಿಗ್ರಾಂ ಇದ್ದಲ್ಲಿ ಸಡಿಲವಾಗಿರುವುದು ಅರ್ಧ ಮಿಲಿಗ್ರಾಂ. ಉಳಿದುದೆಲ್ಲ ಖನಿಜದ ಒಳಗೆ, ಜೇಡಿಯ ಪದರದಲ್ಲಿ, ಸುಣ್ಣದ ಮೇಲೆ, ಕಬ್ಬಿಣ-ಮ್ಯಾಂಗನೀಸ್ ಆಕ್ಸೈಡುಗಳ ಲೇಪದಲ್ಲಿ ಸೇರಿಕೊಂಡಿರುತ್ತದೆ. ಒಟ್ಟು ಲೋಹವನ್ನು ನೋಡಿ ನದಿಗೆ ಅಪಾಯ ಎಂದು ಹೆದರುವುದೂ ತಪ್ಪು, ಸಡಿಲ ಲೋಹವನ್ನಷ್ಟೇ ನೋಡಿ ಏನೂ ಇಲ್ಲ ಎಂದು ಸುಮ್ಮನಾಗುವುದೂ ತಪ್ಪು. ಎರಡನ್ನೂ ಮಾದರಿಯೊಳಗೆ ಬೇರೆ ಬೇರೆ ಖಾತೆಯಲ್ಲಿ ಬರೆಯಬೇಕು.

ಲೆಕ್ಕ ಹಾಕಿದರೆ ಕಾಣುವುದು

ಈಗ ಸಂಖ್ಯೆಗಳಿಗೆ ಬರೋಣ. ಹೊಲದಿಂದ ಲೋಹ ಹೊರಬೀಳಲು ಎರಡು ದಾರಿ. ಹರಿದೋಡುವ ನೀರಿನಲ್ಲಿ ಕರಗಿ ಹೋಗುವುದು ಒಂದು. ಆ ನೀರು ಕೊಚ್ಚಿ ಒಯ್ಯುವ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೋಗುವುದು ಇನ್ನೊಂದು.

ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ 1976ರಿಂದ ಎರೆ ಭೂಮಿಯ ಪುಟ್ಟ ಜಲಾನಯನಗಳಲ್ಲಿ ದೀರ್ಘಕಾಲದ ಪ್ರಯೋಗ ನಡೆಸಿತು. ಮಳೆಗಾಲವಿಡೀ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಬಿತ್ತುವ ಹಳೆಯ ಪದ್ಧತಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಆರು ಟನ್‌ಗೂ ಮಿಕ್ಕಿ ಮಣ್ಣು ಕೊಚ್ಚಿ ಹೋಗುತ್ತಿತ್ತು. ಅಗಲ ಮಡಿ ಮತ್ತು ಕಾಲುವೆ ಮಾಡಿ ಮಳೆಗಾಲದಲ್ಲೂ ಬೆಳೆ ನಿಲ್ಲಿಸಿದಾಗ ಅದು ಒಂದೂವರೆ ಟನ್ ಆಸುಪಾಸಿಗೆ ಇಳಿಯಿತು. ಅಫಜಲಪುರ, ಜೇವರ್ಗಿಯ ಕಡೆ ಬಿಳಿಜೋಳಕ್ಕೆಂದು ಮಳೆಗಾಲದಲ್ಲಿ ಹೊಲ ಖಾಲಿ ಬಿಡುವುದು ಹಿಂದಿನಿಂದ ಬಂದ ರೂಢಿ. ಆದ್ದರಿಂದ ಆ ಅಳತೆ ನಮಗೂ ಹತ್ತಿರದ್ದೇ.

ಎಕರೆಗೆ ಇಳಿಸಿದರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಎರಡೂವರೆ ಟನ್ ಮಣ್ಣು ಹೋಯಿತು ಎನ್ನೋಣ. ಕಿಲೊಗೆ ನೂರು ಮಿಲಿಗ್ರಾಂ ತಾಮ್ರದ ಲೆಕ್ಕದಲ್ಲಿ ಆ ಮಣ್ಣು ಹೊತ್ತೊಯ್ದ ತಾಮ್ರ 250 ಗ್ರಾಂ. ಈಗ ಕರಗಿದ ಪಾಲು. ಮಳೆಯಲ್ಲಿ 200 ಮಿಲಿಮೀಟರ್‌ನಷ್ಟು ನೀರು ಹೊಲ ಬಿಟ್ಟು ಹರಿಯಿತು ಎಂದಿಟ್ಟುಕೊಂಡರೆ ಎಕರೆಗೆ ಎಂಟು ಲಕ್ಷ ಲೀಟರ್. ಪ್ರತಿ ಲೀಟರಿನಲ್ಲಿ ಐದು ಮೈಕ್ರೊಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿನಂಥ ಐದು ಪಾಲು, ತಾಮ್ರ ಕರಗಿತ್ತು ಎನ್ನೋಣ. ಒಟ್ಟು ನಾಲ್ಕು ಗ್ರಾಂ. ನಾಲ್ಕು ಗ್ರಾಂ ನೀರಿನಲ್ಲಿ ಕರಗಿ ಹೋದರೆ 250 ಗ್ರಾಂ ಕೆಸರಿನ ಜೊತೆ ಹೋಯಿತು. ಈ ಸಂಖ್ಯೆಗಳನ್ನು ವಿವರಣೆಗೆಂದು ಹಿಡಿದಿದ್ದೇನೆ. ಹೊಲದಿಂದ ಹೊಲಕ್ಕೆ ಅವು ಬದಲಾಗುತ್ತವೆ. ಕರಗಿದ ತಾಮ್ರವನ್ನು ಇಮ್ಮಡಿ, ಮುಮ್ಮಡಿ ಮಾಡಿದರೂ ತಕ್ಕಡಿ ವಾಲುವ ದಿಕ್ಕು ಬದಲಾಗುವುದಿಲ್ಲ.

ಈ ಬರಹದ ಮುಖ್ಯ ಮಾತು ಇದೇ. ನಮ್ಮ ಎರೆ ನೆಲದಲ್ಲಿ ತಾಮ್ರ, ಸತು, ನಿಕ್ಕಲ್, ಸೀಸದಂಥ ಲೋಹ ನೀರಿನಲ್ಲಿ ಕರಗಿ ಸೋರುವುದು ಅಲ್ಪ, ಮಣ್ಣಿನ ಜೊತೆ ಎದ್ದು ಹೋಗುವುದು ಬಹಳ. ಆದ್ದರಿಂದ ಭೀಮೆಯ ಲೋಹದ ಲೆಕ್ಕ ಕೆಸರಿನಿಂದ ಶುರುವಾಗಬೇಕು.

ಪಶ್ಚಿಮಘಟ್ಟದ ಕುದುರೆಮುಖ ಇದಕ್ಕೆ ಬೇರೊಂದು ನೆಲದ ಸಾಕ್ಷಿ. ಅಲ್ಲಿ ಕಬ್ಬಿಣದ ಅದಿರಿನ ಗಣಿಯಿಂದ ಭದ್ರಾ ನದಿಗಿಳಿದ ತೊಂದರೆಯ ದೊಡ್ಡ ಪಾಲು ಹೂಳಿನ ರೂಪದ್ದು. ಮಳೆಗಾಲದ ಕೆಲವು ಜೋರು ಮಳೆಗಳ ದಿನಗಳಲ್ಲೇ ಹೂಳಿನ ಬಹುಪಾಲು ಹೊಳೆಗೆ ಬೀಳುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಆಳಂದದಲ್ಲಿ ಗಣಿಯಿಲ್ಲ, ಘಟ್ಟದ ಮಳೆಯೂ ಇಲ್ಲ. ಆದರೆ ಜೋರು ಮಳೆಯ ಕೆಲವೇ ಗಂಟೆಗಳಲ್ಲಿ ವರ್ಷದ ಕೊಚ್ಚಣೆಯ ದೊಡ್ಡ ಭಾಗ ಮುಗಿದುಹೋಗುವ ಲಕ್ಷಣ ಎರಡೂ ಕಡೆ ಒಂದೇ.

ಅಫಜಲಪುರ: ಕೆಸರು ನಿಲ್ಲುವ ಜಾಗ

ಕೆಸರು ಹೊಲ ಬಿಟ್ಟ ಮಾತ್ರಕ್ಕೆ ನದಿ ಸೇರಿತು ಎನ್ನುವಂತಿಲ್ಲ. ಒಂದಷ್ಟು ಒಡ್ಡಿನ ಬುಡದಲ್ಲಿ, ಒಂದಷ್ಟು ಹಳ್ಳದ ತಿರುವಿನಲ್ಲಿ ನಿಲ್ಲುತ್ತದೆ. ಆಳಂದದ ಹಳ್ಳಗಳು ಅಮರ್ಜಾಕ್ಕೆ ಸೇರುತ್ತವೆ. ಕೊರಳ್ಳಿಯ ಬಳಿ ಅಮರ್ಜಾಕ್ಕೆ ಅಣೆಕಟ್ಟು ಕಟ್ಟಿರುವುದರಿಂದ ಮೇಲಿನ ಹೊಲಗಳ ಹೂಳಿನ ದೊಡ್ಡ ಪಾಲು ಅಲ್ಲೇ ಕೂರುತ್ತದೆ. ಅಲ್ಲಿಂದ ಕೆಳಗೆ ಹರಿದು ಅಮರ್ಜಾ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ದರ್ಶನಕ್ಕೆ ಬಂದ ಜನ ಸ್ನಾನ ಮಾಡುವ ಸಂಗಮ ಅದು. ಅದೇ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜಿದೆ. ಕೆಳಗೆ ಸರಡಗಿಯಲ್ಲಿ ಕಲಬುರಗಿ ನಗರಕ್ಕೆ ಕುಡಿಯುವ ನೀರು ಎತ್ತುತ್ತಾರೆ. ಅಂದರೆ ಕೆಸರು ನಿಲ್ಲುವ ಒಂದೊಂದು ತಾಣದ ಪಕ್ಕದಲ್ಲೂ ಜನರ ಬದುಕಿದೆ.

ಕೆಸರಿನಲ್ಲಿ ಕೂತ ಲೋಹ ಅಲ್ಲೇ ಸುಮ್ಮನಿರುತ್ತದೆಯೇ? ಮಾದರಿಯ ಅತ್ಯಂತ ಸೂಕ್ಷ್ಮ ಭಾಗ ಇಲ್ಲಿದೆ. ಚೈತ್ರ-ವೈಶಾಖದ ಬಿಸಿಲಿಗೆ ಬ್ಯಾರೇಜಿನ ಹಿಂದಿನ ನೀರು ನಿಂತಲ್ಲೇ ಕಾಯುತ್ತದೆ. ಮೇಲಿನ ಊರುಗಳ ಕೊಳಚೆ ಸೇರಿದ್ದರೆ ತಳದ ಕೆಸರಿನಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಆಮ್ಲಜನಕವಿಲ್ಲದ ಕಡೆ ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡುಗಳು ಕರಗತೊಡಗುತ್ತವೆ. ಅವುಗಳ ಮೈಗೆ ಅಂಟಿದ್ದ ರಂಜಕ, ಆರ್ಸೆನಿಕ್ ಸಡಿಲಗೊಂಡು ನೀರಿಗೆ ಬರುತ್ತವೆ. ಅದೇ ಕೆಸರಿನಲ್ಲಿ ಗಂಧಕ ಸಲ್ಫೈಡ್ ಆಗಿ ಮಾರ್ಪಟ್ಟರೆ ತಾಮ್ರ, ಸತು, ಕ್ಯಾಡ್ಮಿಯಂ ಅದಕ್ಕೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಗೇಟು ಎತ್ತಿ ತಳದ ಕೆಸರು ಮಗುಚಿ ಗಾಳಿ ಕಂಡಾಗ ಆ ಕಟ್ಟು ಬಿಚ್ಚಿ ಒಂದು ಪಾಲು ಮತ್ತೆ ನೀರಿಗೆ ಬೀಳುತ್ತದೆ. ಹೊಲದ ಸುಣ್ಣ, ಜೇಡಿ ಭದ್ರವಾಗಿ ಹಿಡಿದಿಟ್ಟಿದ್ದ ಲೋಹವನ್ನು ನದಿಯ ತಳ ಹೀಗೆ ಬಿಡಬಲ್ಲದು. ಹೊಲಕ್ಕೆ ಒಂದು ಹಂಚಿಕೆಯ ಅಂಕ, ನದಿಯ ತಳಕ್ಕೆ ಇನ್ನೊಂದು ಎಂದು ಮಾದರಿ ಬರೆಯಬೇಕಾಗುವುದು ಇದಕ್ಕಾಗಿಯೇ.

ಭೀಮೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಈ ನದಿ ಒಟ್ಟು 861 ಕಿಲೊಮೀಟರ್ ಹರಿಯುತ್ತದೆ. ಪುಣೆಯ ಮುಳಾ-ಮುಠಾ ನದಿಗಳ ನೀರು ಸೇರಿ, ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟನ್ನು ದಾಟಿ ನಮ್ಮ ಕಡೆ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಮಳೆ ಮತ್ತು ಮೇಲಿನ ಜಲಾಶಯಗಳ ನೀರು ಒಟ್ಟಾಗಿ ಲಕ್ಷಗಟ್ಟಲೆ ಕ್ಯೂಸೆಕ್ ಹರಿದು ಬಂದಾಗ ಅಫಜಲಪುರ, ಜೇವರ್ಗಿಯ ನದಿ ದಂಡೆಯ ಹಳ್ಳಿಗಳು ಮುಳುಗಿದವು. ನೆರೆ ಇಳಿದ ಮೇಲೆ ಹೊಲಗಳಲ್ಲಿ ಉಳಿದ ರೇವೆಯಲ್ಲಿ ಮೇಲಿನಿಂದ ಬಂದದ್ದೆಷ್ಟು, ನಮ್ಮದೇ ಹಳ್ಳಗಳದ್ದೆಷ್ಟು? ಬರಿಗಣ್ಣಿಗೆ ಇದು ಗೊತ್ತಾಗುವುದಿಲ್ಲ. ನದಿ ಜಿಲ್ಲೆಯನ್ನು ಪ್ರವೇಶಿಸುವಲ್ಲಿ ಒಂದು ಅಳತೆ, ಸಂಗಮದ ಕೆಳಗೆ ಒಂದು, ಜೇವರ್ಗಿ ಹೆದ್ದಾರಿಯ ಕಟ್ಟಿ ಸಂಗಾವಿ ಸೇತುವೆಯ ಬಳಿ ಮತ್ತೊಂದು ಅಳತೆ ತೆಗೆದು, ಒಳಬಂದದ್ದು ಮತ್ತು ಹೊರಹೋದದ್ದನ್ನು ಕಳೆದರೆ ಮಾತ್ರ ಉತ್ತರ ಸಿಗುತ್ತದೆ. ಆ ಉತ್ತರವಿಲ್ಲದೆ ಪುಣೆಯವರನ್ನು ದೂರುವುದಕ್ಕೂ ಆಧಾರವಿಲ್ಲ, ನಮ್ಮ ರೈತರನ್ನು ದೂರುವುದಕ್ಕೂ ಆಧಾರವಿಲ್ಲ.

ಜೇವರ್ಗಿ: ಸುಣ್ಣ ಹಿಡಿಯದ ಧಾತುಗಳು

ಜೇವರ್ಗಿಗೆ ಬಂದರೆ ಬಂಡೆಯ ಸ್ವಭಾವ ಬದಲಾಗುತ್ತದೆ. ಬಸಾಲ್ಟಿನ ಹೊದಿಕೆ ತೆಳುವಾಗಿ, ಭೂವಿಜ್ಞಾನಿಗಳು ಭೀಮಾ ಶ್ರೇಣಿ ಎಂದು ಕರೆಯುವ ಸುಣ್ಣಕಲ್ಲು, ಜೇಡಿಗಲ್ಲು ಮೇಲೆ ಬರುತ್ತವೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಇದೇ ಶ್ರೇಣಿಯ ಕಲ್ಲು. ಕ್ಷಾರ ಇನ್ನಷ್ಟು, ಸುಣ್ಣ ಇನ್ನಷ್ಟು ಇರುವುದರಿಂದ ತಾಮ್ರ, ಸೀಸ ಇಲ್ಲಿ ಇನ್ನೂ ಬಿಗಿಯಾಗಿ ಕೂರುತ್ತವೆ. ಆದರೆ ಎಲ್ಲ ಧಾತುಗಳೂ ಈ ನಿಯಮ ಪಾಲಿಸುವುದಿಲ್ಲ.

ಆರ್ಸೆನಿಕ್, ಸೆಲೆನಿಯಂ, ಆರು ವೇಲೆನ್ಸಿಯ ಕ್ರೋಮಿಯಂ, ಯುರೇನಿಯಂ ನೀರಿನಲ್ಲಿ ಆಮ್ಲಜನಕ ಅಥವಾ ಕಾರ್ಬೊನೇಟಿನ ಜೊತೆಗೂಡಿ ಇರುತ್ತವೆ. ಹಾಗೆ ಕೂಡಿದ ಕಣಗಳಲ್ಲಿ ಬಹುಪಾಲು ಋಣ ವಿದ್ಯುದಂಶ ಹೊತ್ತಿರುತ್ತವೆ. ಜೇಡಿಯೂ ಋಣ, ಇವೂ ಋಣ. ಒಂದನ್ನೊಂದು ದೂಡುತ್ತವೆ. ರಸಸಾರ ಏರಿದಷ್ಟೂ ಇವು ಮಣ್ಣು ಬಿಟ್ಟು ನೀರಿಗೆ ಬರುವುದು ಹೆಚ್ಚು. ಸುಣ್ಣಕಲ್ಲಿನ ನಾಡಿನ ಬೈಕಾರ್ಬೊನೇಟ್ ತುಂಬಿದ ನೀರು ಯುರೇನಿಯಂ ಅನ್ನು ಕಟ್ಟಿಕೊಂಡು ತನ್ನ ಜೊತೆ ಒಯ್ಯುತ್ತದೆ. ಇದೇ ಭೀಮಾ ಶ್ರೇಣಿಯಲ್ಲಿ, ಪಕ್ಕದ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಬಂಡೆಯ ಬಿರುಕು ವಲಯದ ಸುಣ್ಣಕಲ್ಲು ಮತ್ತು ಕೆಳಗಿನ ಗ್ರಾನೈಟಿನಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ. ಜೇವರ್ಗಿಯ ನೀರಿನಲ್ಲಿ ಯುರೇನಿಯಂ ಇದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಆದರೆ ಇಲ್ಲಿ ಮಾದರಿ ಕಟ್ಟುವವರು ಆ ಧಾತುವಿನ ಖಾತೆಯನ್ನು ಬಿಡುವಂತಿಲ್ಲ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ.

ಆರ್ಸೆನಿಕ್ಕಿನ ಪಾಠವನ್ನು ಯಾದಗಿರಿ ಜಿಲ್ಲೆಯೇ ಕಲಿಸಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರು ಕುಡಿದವರ ಚರ್ಮದ ಮೇಲೆ ಕಲೆ, ಗಂಟು ಕಾಣಿಸಿಕೊಂಡವು. ಹಿಂದೆ ಚಿನ್ನದ ಗಣಿ ನಡೆದ, ಮಂಗಳೂರು ಎಂಬ ಊರಿನ ಹೆಸರಿನ ಶಿಲಾಪಟ್ಟಿಯ ಮೇಲೆ ಈ ತಾಂಡಾ ಇದೆ. ಕರಾವಳಿಯ ಮಂಗಳೂರಲ್ಲ, ಸುರಪುರ ಸೀಮೆಯದು. ಅಲ್ಲಿನ ಅಂತರ್ಜಲದ ಆರ್ಸೆನಿಕ್ ಮತ್ತು ಜನರ ಆರೋಗ್ಯದ ಅಧ್ಯಯನ 2013ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರ್ಸೆನಿಕ್ಕಿನ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಡ ತಾಂಡಾದ ಜನ ವರ್ಷಗಟ್ಟಲೆ ಕುಡಿದ ಮೇಲೆ ಮೈಮೇಲಿನ ಗುರುತಿನಿಂದ ಅದು ತಿಳಿಯಬೇಕಾಯಿತು ಎಂಬುದು ನಮ್ಮೆಲ್ಲರಿಗೂ ನೋವಿನ ಸಂಗತಿ. ಯಾವ ಬಂಡೆಯ ಮೇಲೆ, ಯಾವ ನೀರಿನಲ್ಲಿ, ಯಾವ ಧಾತು ಹೊರಬೀಳಬಹುದು ಎಂದು ಮೊದಲೇ ಹೇಳುವ ಲೆಕ್ಕ ಇದ್ದಿದ್ದರೆ ಆ ಬಾವಿಯ ನೀರನ್ನು ಪರೀಕ್ಷಿಸುವ ಕೈ ಮೊದಲೇ ತಲುಪಬಹುದಿತ್ತು.

ಜೇವರ್ಗಿಗೆ ನೀರಾವರಿಯೂ ಬಂದಿದೆ. ಮೇಲ್ದಂಡೆ ಕೃಷ್ಣಾ ಯೋಜನೆಯ ಜೇವರ್ಗಿ ಶಾಖಾ ಕಾಲುವೆ ತಾಲ್ಲೂಕಿನ ಹೊಲಗಳ ಚಹರೆ ಬದಲಿಸಿದೆ. ಎರೆ ಭೂಮಿಗೆ ಬಸಿಗಾಲುವೆಯಿಲ್ಲದೆ ನೀರು ಹೆಚ್ಚಾದರೆ ಸವಳು, ಜವಳು ತಪ್ಪಿದ್ದಲ್ಲ. ಸವಳಿನ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಕೂಡಿ ಅದನ್ನು ಮಣ್ಣಿನಿಂದ ಬಿಡಿಸುತ್ತದೆ. ಡಿಎಪಿಯಂಥ ರಂಜಕದ ಗೊಬ್ಬರದಲ್ಲಿ, ಅದನ್ನು ತಯಾರಿಸಿದ ಕಲ್ಲಿನ ಮೂಲಕ್ಕೆ ತಕ್ಕಂತೆ, ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಬಂದಿರುತ್ತದೆ. ಒಂದು ವರ್ಷದಲ್ಲಿ ಅದು ಏನೂ ಅಲ್ಲ. ಹಲವು ದಶಕಗಳ ಜಮಾ ಖಾತೆಯಲ್ಲಿ ಅದಕ್ಕೊಂದು ಸಾಲು ಬೇಕು. ಜವಳು ಹಿಡಿದ ಹೊಲದಲ್ಲಿ ಆಮ್ಲಜನಕ ಕಡಿಮೆಯಾಗಿ ಬ್ಯಾರೇಜಿನ ತಳದಲ್ಲಿ ಆಗುವುದೇ ಇಲ್ಲಿಯೂ ನಡೆಯುತ್ತದೆ.

ಎರವಲು ಮಾದರಿ ಸಾಲದು

ಜಗತ್ತಿನಲ್ಲಿ ಇಂಥ ಲೆಕ್ಕಕ್ಕೆ ಸಿದ್ಧ ತಂತ್ರಾಂಶಗಳಿವೆ, ಹಲವು ಉಚಿತವೂ ಹೌದು. ನೀರಿನ ರಾಸಾಯನಿಕ ಸಮತೋಲನಕ್ಕೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ತಂತ್ರಾಂಶವಿದೆ. ಜಲಾನಯನದ ಹರಿವು, ಮಣ್ಣಿನ ಕೊಚ್ಚಣೆಗೆ ಅದೇ ದೇಶದ ಕೃಷಿ ಇಲಾಖೆಯ ಸಂಶೋಧಕರು ಕಟ್ಟಿದ ಸ್ವಾಟ್ ಇದೆ. ಇಂಗ್ಲೆಂಡಿನ ವಿಂಡರ್‌ಮಿಯರ್‌ನಲ್ಲಿ ಎಡ್ವರ್ಡ್ ಟಿಪ್ಪಿಂಗ್ ಕಟ್ಟಿದ ಮಾದರಿ, ಕೊಳೆತ ಎಲೆ-ಬೇರಿನ ಹ್ಯೂಮಸ್ ಲೋಹವನ್ನು ಹಿಡಿಯುವ ಬಗೆಯನ್ನು ಲೆಕ್ಕ ಹಾಕುತ್ತದೆ. ಒಂದೊಂದೂ ದೊಡ್ಡ ಸಾಧನೆ.

ಆದರೆ ವಿಂಡರ್‌ಮಿಯರ್ ಸುತ್ತಲಿನ ಬೆಟ್ಟದ ಮಣ್ಣು ಹುಳಿ, ಹ್ಯೂಮಸ್ ಹೇರಳ, ಮಳೆ ವರ್ಷವಿಡೀ. ನಮ್ಮ ಎರೆ ಕ್ಷಾರ, ಸಾವಯವ ಇಂಗಾಲ ಬಹಳ ಕಡೆ ಶೇಕಡಾ ಅರ್ಧದ ಆಸುಪಾಸು, ಮಳೆ ವರ್ಷಕ್ಕೆ 700ರಿಂದ 800 ಮಿಲಿಮೀಟರ್, ಅದೂ ಜೂನ್‌ನಿಂದ ಅಕ್ಟೋಬರಿನೊಳಗೆ. ಎಲ್ಲಕ್ಕಿಂತ ಮಿಗಿಲಾಗಿ ಎರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳಿರುವ ಹೊಲಕ್ಕೆ ಮೊದಲ ಮಳೆ ಬಿದ್ದಾಗ ನೀರು ಮೇಲ್ಮಣ್ಣಿನಲ್ಲಿ ಇಂಗುತ್ತ ಕೂರದೆ ಬಿರುಕಿನೊಳಗೆ ನೇರ ಇಳಿಯುತ್ತದೆ. ಮಣ್ಣಿನ ಜೊತೆ ಕೊಡು-ಕೊಳ್ಳುವಿಕೆಗೆ ಅದಕ್ಕೆ ಸಮಯವೇ ಇರುವುದಿಲ್ಲ. ಎರಡು-ಮೂರು ಮಳೆಯಲ್ಲಿ ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಹೊಲ ನೀರನ್ನು ಒಳಗೆ ಬಿಡದೆ ಮೇಲಿಂದಲೇ ಓಡಿಸುತ್ತದೆ. ಕೊಚ್ಚಣೆ ಆಗ ಜೋರಾಗುತ್ತದೆ. ಒಂದೇ ಹೊಲ, ಒಂದೇ ವರ್ಷದಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ. ಇದನ್ನು ಒಳಗೊಳ್ಳದ ಮಾದರಿ ಕಲಬುರಗಿಯ ಹೊಲದ ಬಗ್ಗೆ ಹೇಳುವುದು ಸುಳ್ಳಾಗುತ್ತದೆ, ಅದರ ಸಮೀಕರಣ ಎಷ್ಟೇ ಸುಂದರವಾಗಿದ್ದರೂ.

ಮಾದರಿಗೆ ಬೇಕಾದ ಮಾಹಿತಿಯಲ್ಲಿ ಒಂದಷ್ಟು ನಮ್ಮ ಬಳಿ ಈಗಾಗಲೇ ಇದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಅದರಲ್ಲಿ ಸೇರಿವೆ. ಗೊಬ್ಬರದ ಸಲಹೆಗೆಂದು ತೆಗೆದ ಇದೇ ಸಂಖ್ಯೆಗಳು ಲೋಹದ ಸಡಿಲ ಪಾಲು ಎಷ್ಟು ಎಂಬ ಖಾತೆಯ ಮೊದಲ ಪುಟ ಆಗಬಲ್ಲವು. ಯಾದಗಿರಿಯಲ್ಲಿ ಕೇಂದ್ರ ಜಲ ಆಯೋಗ ಭೀಮೆಯ ಹರಿವು, ಹೂಳನ್ನು ಅಳೆಯುತ್ತದೆ. ದೇಶದ ನದಿಗಳ ವಿಷಲೋಹಗಳ ಬಗ್ಗೆಯೂ ಆಯೋಗ ವರದಿಗಳನ್ನು ಹೊರತಂದಿದೆ. ಕೊರತೆ ಇರುವುದು ಹೊಲ ಮತ್ತು ನದಿಯ ನಡುವಿನ ಹಳ್ಳದಲ್ಲಿ. ಅಲ್ಲಿ ನಿಯಮಿತವಾಗಿ ಅಳೆಯುವವರಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಕರ್ನಾಟಕದ 17 ಮಲಿನ ನದಿ ಭಾಗಗಳಲ್ಲಿ ಭೀಮಾ, ಅದರ ಉಪನದಿ ಕಾಗಿಣಾ ಎರಡೂ ಇದ್ದವು. ಆ ಪಟ್ಟಿಯ ಅಳತೆಗೋಲು ಬಿಒಡಿ, ಅಂದರೆ ನೀರಿನ ಸಾವಯವ ಕೊಳೆ ಕೊಳೆಯಲು ಬೇಕಾದ ಆಮ್ಲಜನಕ. ಕೊಳಚೆಯನ್ನು ಅದು ಸರಿಯಾಗಿ ಹಿಡಿಯುತ್ತದೆ, ಲೋಹವನ್ನು ಹಿಡಿಯುವುದಿಲ್ಲ. ಪಟ್ಟಿಯಿಂದ ನದಿಯ ಹೆಸರು ಹೋದರೂ ಕೆಸರಿನ ಲೋಹದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಏನು ಮಾಡಬಹುದು

ಕೆಲಸ ದೊಡ್ಡ ಖರ್ಚಿನದಲ್ಲ. ಮೊದಲು, ಪರೀಕ್ಷೆಗೆ ನೀರು ತೆಗೆಯುವ ವೇಳೆ ಬದಲಾಗಬೇಕು. ತಿಂಗಳಿಗೊಮ್ಮೆ ನಿಗದಿತ ದಿನ ಹೋಗಿ ತಿಳಿನೀರು ತುಂಬಿಸಿಕೊಂಡು ಬಂದರೆ ವರ್ಷದ ಲೋಹದ ಬಹುಪಾಲು ಹರಿದುಹೋದ ಗಂಟೆಗಳು ತಪ್ಪಿಹೋಗುತ್ತವೆ. ಹಳ್ಳ ತುಂಬಿ ಹರಿಯುವ ಹೊತ್ತಿನಲ್ಲೇ, ಏರುವಾಗ ಒಂದು, ಇಳಿಯುವಾಗ ಒಂದು ಸೀಸೆ ತುಂಬಬೇಕು. ಎರಡನೆಯದಾಗಿ, ಪ್ರತಿ ಸಲವೂ ಜೋಡಿ ಸೀಸೆ ಬೇಕು. ಒಂದರಲ್ಲಿ ನೀರು ಇದ್ದ ಹಾಗೆ, ಇನ್ನೊಂದರಲ್ಲಿ 0.45 ಮೈಕ್ರಾನ್ ಜರಡಿಯಲ್ಲಿ ಸೋಸಿದ್ದು. ಎರಡರ ನಡುವಿನ ವ್ಯತ್ಯಾಸವೇ ಕೆಸರಿನ ಜೊತೆ ಹೋದ ಪಾಲು. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ಮಾದರಿ ಮುಗಿದಂತೆ. ಮೂರನೆಯದಾಗಿ, ಒಂದು ವರ್ಷದ ಅಳತೆಯಿಂದ ಮಾದರಿಯನ್ನು ಹದಗೊಳಿಸಿ, ಇನ್ನೊಂದು ವರ್ಷದ ಅಳತೆಯಿಂದ ಅದನ್ನು ಪರೀಕ್ಷಿಸಬೇಕು. ಅದೇ ಅಳತೆಯಿಂದ ಕಟ್ಟಿ ಅದೇ ಅಳತೆಗೆ ತಾಳೆ ನೋಡಿದರೆ ಅದು ಪರೀಕ್ಷೆಯಾಗುವುದಿಲ್ಲ.

ಇದನ್ನು ಮಾಡಬಲ್ಲವರು ದೂರದಲ್ಲಿಲ್ಲ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಿಂದ ಇದೆ, ಅದರ ಆವರಣ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ, ಅಲ್ಲಿ ಭೂವಿಜ್ಞಾನವನ್ನು ಕಲಿಸುತ್ತಾರೆ. ಗುಲಬರ್ಗಾ ವಿಶ್ವವಿದ್ಯಾಲಯ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿಯ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇವೆ. ಅಮರ್ಜಾದ ಒಂದು ಸಣ್ಣ ಹಳ್ಳವನ್ನು ಹಿಡಿದು, ಮೇಲಿನ ಹೊಲಗಳ ಮಣ್ಣು ಚೀಟಿಗಳನ್ನು ಒಟ್ಟುಗೂಡಿಸಿ, ಹಳ್ಳದ ಬಾಯಿಯಲ್ಲಿ ಜೋಡಿ ಸೀಸೆ ತುಂಬುವ ಕೆಲಸ ನಾಲ್ಕು ವಿದ್ಯಾರ್ಥಿಗಳು ಎರಡು ಮಳೆಗಾಲದಲ್ಲಿ ಮಾಡಬಹುದಾದದ್ದು. ಹಳ್ಳ ಯಾವಾಗ ಬರುತ್ತದೆ ಎಂದು ಫೋನ್ ಮಾಡಿ ಹೇಳಬಲ್ಲವರು ಅಲ್ಲಿನ ರೈತರು. ಅವರನ್ನು ಬಿಟ್ಟು ಈ ಕೆಲಸ ಆಗುವಂಥದ್ದಲ್ಲ. ಬಂದ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯುವುದೂ ಆ ಕೆಲಸದ ಭಾಗವಾಗಬೇಕು.

ಲೆಕ್ಕ ಪೂರ್ಣಗೊಳ್ಳುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಲೋಹ ಮಣ್ಣಿನ ಜೊತೆ ಹೋಗುತ್ತದೆ ಎಂದಾದರೆ ಮಣ್ಣನ್ನು ನಿಲ್ಲಿಸಿದ್ದೆಲ್ಲವೂ ಲೋಹವನ್ನು ನಿಲ್ಲಿಸುತ್ತದೆ. ಪಟಾನ್‌ಚೆರುವಿನ ಅಳತೆಯಂತೆ ಆರು ಟನ್ ಒಂದೂವರೆ ಟನ್ನಿಗೆ ಇಳಿದರೆ ನಮ್ಮ ಲೆಕ್ಕದ 250 ಗ್ರಾಂ ತಾಮ್ರ 60 ಗ್ರಾಂ ಆಸುಪಾಸಿಗೆ ಬರುತ್ತದೆ. ಇಳಿಜಾರಿಗೆ ಅಡ್ಡ ಬಿತ್ತುವುದು, ಒಡೆದ ಒಡ್ಡನ್ನು ಮಳೆಗೆ ಮೊದಲೇ ಕಟ್ಟುವುದು, ಬದುವಿನ ಮೇಲೆ ಹುಲ್ಲು ನಿಲ್ಲಿಸುವುದು, ಹರಿದ ನೀರು ಕೃಷಿ ಹೊಂಡದಲ್ಲಿ ತಂಗಿ ಹೋಗುವಂತೆ ಮಾಡುವುದು ನಮ್ಮ ಹಿರಿಯರೂ ಇಲಾಖೆಯವರೂ ಮಣ್ಣಿನ ಸಲುವಾಗಿ, ತೇವದ ಸಲುವಾಗಿ ಹೇಳುತ್ತ ಬಂದ ಮಾತುಗಳೇ. ಈಗ ಅದಕ್ಕೆ ಇನ್ನೊಂದು ಕಾರಣ ಸೇರಿತು: ಆಳಂದದ ಒಂದು ಒಡ್ಡು ಗಾಣಗಾಪುರದ ಸಂಗಮದಲ್ಲಿ ಮೀಯುವವರನ್ನೂ ಸರಡಗಿಯ ನೀರು ಕುಡಿಯುವ ಕಲಬುರಗಿಯವರನ್ನೂ ಕಾಯುತ್ತದೆ. ಒಡ್ಡಿನ ಖರ್ಚನ್ನು ಹೊಲದ ಮಾಲೀಕರೊಬ್ಬರ ಹೆಗಲಿಗೇ ಬಿಡದೆ, ಕೆಳಗಿನ ಊರುಗಳ ಕುಡಿಯುವ ನೀರಿನ ಅನುದಾನದಿಂದಲೂ ಒಂದು ಪಾಲು ಕೊಡುವುದು ನ್ಯಾಯ. ಯಾವ ಹಳ್ಳದ ಯಾವ ಹೊಲಗಳಿಗೆ ಆ ಪಾಲು ಮೊದಲು ಸಲ್ಲಬೇಕು ಎಂಬುದನ್ನು ಜೋಡಿ ಸೀಸೆಗಳ ಲೆಕ್ಕ ತೋರಿಸಿಕೊಡುತ್ತದೆ. ಬರುವ ಮುಂಗಾರಿಗೆ ಮೊದಲು ಆ ಸೀಸೆಗಳನ್ನು ಸಿದ್ಧ ಮಾಡಿಟ್ಟುಕೊಳ್ಳೋಣ.